ಮೊಣಕಾಲಿನ ನೋವು, ಕಿರಿದಾಗುವ ಜಗತ್ತು

ಮುಪ್ಪಿನ ಬಗ್ಗೆ ನಮ್ಮ ಸಮಾಜ ಗೌರವದಿಂದಲೇ ಮಾತನಾಡುತ್ತದೆ. ಮುಪ್ಪಿನ ಮೊಣಕಾಲಿಗೆ ಮಾತ್ರ ಆ ಗೌರವ ಸಲ್ಲುವುದಿಲ್ಲ. ‘ವಯಸ್ಸಾಯಿತಲ್ಲ, ಇನ್ನೇನು’ ಎಂಬ ಒಂದೇ ವಾಕ್ಯದಲ್ಲಿ ಮಕ್ಕಳೂ ನೆರೆಹೊರೆಯವರೂ ಒಮ್ಮೊಮ್ಮೆ ವೈದ್ಯರೂ ಪ್ರಕರಣವನ್ನು ಮುಕ್ತಾಯಗೊಳಿಸುತ್ತಾರೆ. ಸರ್ಕಾರಿ ಸೇವೆಯಲ್ಲಿ ಮೂರು ದಶಕ ಕಳೆದ ನನಗೆ ಹೀಗೆ ಷರಾ ಬರೆದು ಕಡತ ಮುಚ್ಚುವ ಕ್ರಮ ಚೆನ್ನಾಗಿ ಗೊತ್ತು. ಪ್ರಶ್ನೆ ಬಗೆಹರಿಯಿತೆಂದು ಅದರ ಅರ್ಥವಲ್ಲ; ಇನ್ನು ಯಾರೂ ಅದರ ಬಗ್ಗೆ ಯೋಚಿಸಬೇಕಾಗಿಲ್ಲ ಎಂದಷ್ಟೇ ಅರ್ಥ.

ಆದರೆ ಇದು ಯೋಚಿಸದೆ ಬಿಡಬಹುದಾದ ಸಣ್ಣ ಸಂಗತಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2019ರಲ್ಲಿ ಪ್ರಪಂಚದಾದ್ಯಂತ ಸುಮಾರು 52.8 ಕೋಟಿ ಜನರಿಗೆ ಕೀಲು ಸವೆತದ ಸಂಧಿವಾತವಿತ್ತು. ಅವರಲ್ಲಿ ಶೇ 60ರಷ್ಟು ಮಹಿಳೆಯರು. ಅತಿ ಹೆಚ್ಚು ತುತ್ತಾಗುವ ಕೀಲು ಮೊಣಕಾಲಿನದು. ನಮ್ಮ ದೇಶದಲ್ಲಿ 60 ವರ್ಷ ದಾಟಿದವರ ಸಂಖ್ಯೆ 2011ರ ಜನಗಣತಿಯ ವೇಳೆಗೇ ಹತ್ತು ಕೋಟಿ ಮೀರಿತ್ತು.

ಈ ನೋವಿನ ನಿಜವಾದ ವೆಚ್ಚ ನೋವಿನಲ್ಲಿಲ್ಲ, ನಾವು ಒಂದೊಂದಾಗಿ ಕೈಬಿಡುವ ಸಂಗತಿಗಳಲ್ಲಿದೆ. ಇದನ್ನು ನನ್ನ ಬಲಗಾಲಿನಿಂದಲೇ ಕಲಿತಿದ್ದೇನೆ. ಮೊದಲು ಹೋದದ್ದು ಚಕ್ಕಳಮಕ್ಕಳ ಹಾಕಿ ಕೂರುವ ಅಭ್ಯಾಸ. ಅದರೊಂದಿಗೆ ಮದುವೆ ಮನೆಯ ಪಂಕ್ತಿ ಭೋಜನವೂ ಹೋಯಿತು. ಆಮೇಲೆ ಊರಿನ ಮನೆಯಲ್ಲಿ ರಾತ್ರಿ ತಂಗುವುದು ಕಷ್ಟವಾಯಿತು. ಅಲ್ಲಿರುವುದು ಕುಕ್ಕರುಗಾಲಿನ ಶೌಚಾಲಯ. ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿಯಲ್ಲಿರುವ ಗೆಳೆಯರ ಮನೆಗೆ ಹೋಗುವುದು ವಾರಕ್ಕೊಮ್ಮೆಯಿದ್ದದ್ದು ತಿಂಗಳಿಗೊಮ್ಮೆಯಾಯಿತು. ಯಾರೂ ನಮ್ಮನ್ನು ತಡೆಯುವುದಿಲ್ಲ. ‘ಬೇಡ ಬಿಡಿ’ ಎಂದು ನಾವೇ ಹಿಂದೆ ಸರಿಯುತ್ತೇವೆ. ಅರ್ಥಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಈ ನಷ್ಟ ರಾಷ್ಟ್ರೀಯ ವರಮಾನದ ಯಾವ ಲೆಕ್ಕದಲ್ಲೂ ಕಾಣಿಸಿಕೊಳ್ಳುವುದಿಲ್ಲ.

‘ಸವೆದಿದೆ’ ಎಂಬ ಮಾತೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಸವೆದ ಚಪ್ಪಲಿಯನ್ನು ಕಡಿಮೆ ಬಳಸಿದರೆ ಅದು ಹೆಚ್ಚು ಕಾಲ ಬಾಳೀತು. ಕೀಲು ಚಪ್ಪಲಿಯಲ್ಲ. ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಕೀಲಿನೊಳಗಿನ ದ್ರವವೇ ಅದರ ಆಹಾರ. ನಡೆಯುವಾಗ ಒತ್ತಡ ಬಿದ್ದು, ಬಿಟ್ಟು, ಮತ್ತೆ ಬಿದ್ದಾಗ ಆ ದ್ರವ ಸ್ಪಂಜಿನಲ್ಲಿ ನೀರಾಡುವಂತೆ ಒಳಗೂ ಹೊರಗೂ ಹರಿದಾಡುತ್ತದೆ. ನೋವಿಗೆ ಹೆದರಿ ಕುಳಿತೇ ಬಿಟ್ಟರೆ ಕೀಲಿನ ಪೋಷಣೆ ಕುಗ್ಗುತ್ತದೆ, ತೊಡೆಯ ಮುಂಭಾಗದ ಸ್ನಾಯು ಬಡವಾಗುತ್ತದೆ, ಸ್ನಾಯು ಹೊರಬೇಕಾದ ಭಾರವೂ ಕೀಲಿನ ಮೇಲೆಯೇ ಬೀಳುತ್ತದೆ. ಇಂದು ವೈದ್ಯಲೋಕ ಮೊದಲ ಚಿಕಿತ್ಸೆಯೆಂದು ಹೇಳುವುದು ವ್ಯಾಯಾಮವನ್ನೇ. ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ಚಾಚಿ ಕೆಲವು ಕ್ಷಣ ಹಿಡಿದಿಡುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಸಮತಟ್ಟಾದ ನೆಲದ ಮೇಲೆ ನಡೆಯುವುದು, ಇಷ್ಟರಿಂದ ಆರಂಭಿಸಬಹುದು. ತೂಕ ಇಳಿಸುವುದರಲ್ಲಿಯೂ ಲಾಭದ ಲೆಕ್ಕ ಚೆನ್ನಾಗಿದೆ: ದೇಹದಿಂದ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿದೆ.

ಊರುಗೋಲನ್ನು ನೋವಿರುವ ಕಾಲಿನ ಕಡೆಗಲ್ಲ, ಎದುರು ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಇಂಥ ಸರಳ ವಿಷಯಗಳನ್ನು ನನಗೆ ಹೇಳಿಕೊಟ್ಟವರು ಒಬ್ಬ ಯುವ ಫಿಸಿಯೊಥೆರಪಿಸ್ಟ್. ಅದಕ್ಕೂ ಮೊದಲು ಕಂಡ ಇಬ್ಬರು ತಜ್ಞರ ಚೀಟಿಯಲ್ಲಿ ಇದ್ದದ್ದು ಮಾತ್ರೆಗಳು ಮಾತ್ರ.

ಮಾತ್ರೆಗಳ ಬಗ್ಗೆ ಎಚ್ಚರದ ಮಾತು ಹೇಳಲೇಬೇಕು. ಔಷಧದ ಅಂಗಡಿಯಲ್ಲಿ ಕೇಳಿದೊಡನೆ ಸಿಗುವ ನೋವುನಿವಾರಕಗಳನ್ನು ತಿಂಗಳುಗಟ್ಟಲೆ ನುಂಗಿದರೆ ಜಠರದಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು, ರಕ್ತದೊತ್ತಡ ಏರಬಹುದು. ಕೀಲುನೋವೆಲ್ಲ ಸವೆತವೂ ಅಲ್ಲ. ಬೆಳಿಗ್ಗೆ ಎದ್ದಾಗಿನ ಬಿಗಿತ ಅರ್ಧ ಗಂಟೆಯೊಳಗೆ ಸಡಿಲಗೊಂಡರೆ ಸಾಮಾನ್ಯವಾಗಿ ಅದು ಸವೆತದ ಲಕ್ಷಣ. ಗಂಟೆಗೂ ಮೀರಿ ಉಳಿದು, ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡರೆ ಅದು ರುಮಟಾಯ್ಡ್ ಸಂಧಿವಾತವಿರಬಹುದು. ಅದಕ್ಕೆ ಬೇರೆಯೇ ಔಷಧವಿದೆ, ತಡಮಾಡಿದರೆ ಕೀಲು ಶಾಶ್ವತವಾಗಿ ಹಾಳಾಗುತ್ತದೆ. 2006ರಲ್ಲಿ ನಮ್ಮ ರಾಜ್ಯವನ್ನು ನಡುಗಿಸಿದ ಚಿಕೂನ್‌ಗುನ್ಯ, ಜ್ವರ ಇಳಿದ ಮೇಲೂ ಎಷ್ಟೋ ಜನರಲ್ಲಿ ತಿಂಗಳುಗಟ್ಟಲೆ ಕೀಲುನೋವನ್ನು ಉಳಿಸಿಹೋದದ್ದು ಓದುಗರಿಗೆ ನೆನಪಿರಬಹುದು.

ಇನ್ನು ಶಸ್ತ್ರಚಿಕಿತ್ಸೆ. ಮೊಣಕಾಲಿನ ಕೃತಕ ಕೀಲುಗಳ ಬೆಲೆಗೆ 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಿತಿ ಹಾಕಿತು. ಒಂದೂವರೆ ಲಕ್ಷ ರೂಪಾಯಿಯ ಆಸುಪಾಸಿನಲ್ಲಿದ್ದ, ಹೆಚ್ಚು ಬಳಕೆಯ ಕೋಬಾಲ್ಟ್-ಕ್ರೋಮಿಯಂ ಕೀಲಿನ ಬೆಲೆಯನ್ನು ತೆರಿಗೆ ಬಿಟ್ಟು 54,720 ರೂಪಾಯಿಗೆ ಇಳಿಸಿತು. ಆಯುಷ್ಮಾನ್ ಭಾರತ್ ವಿಮೆಯನ್ನು ವರಮಾನದ ಮಿತಿಯಿಲ್ಲದೆ 70 ದಾಟಿದ ಎಲ್ಲರಿಗೂ ವಿಸ್ತರಿಸುವ ತೀರ್ಮಾನ 2024ರಲ್ಲಿ ಆಯಿತು. ಎರಡೂ ಸ್ವಾಗತಾರ್ಹ. ಕೀಲು ಪೂರ್ತಿ ಹಾಳಾಗಿ ರಾತ್ರಿ ನಿದ್ದೆಯೂ ಬಾರದವರಿಗೆ ಶಸ್ತ್ರಚಿಕಿತ್ಸೆ ವರವೇ ಸರಿ.

ಆದರೆ ಪ್ರೋತ್ಸಾಹದ ದಿಕ್ಕನ್ನು ಗಮನಿಸಿ. ಆಯುಷ್ಮಾನ್ ವಿಮೆ ಹಣ ಕೊಡುವುದು ಆಸ್ಪತ್ರೆಗೆ ದಾಖಲಾದಾಗ. ಹೊರರೋಗಿಯಾಗಿ ಪಡೆಯುವ ಆರು ವಾರಗಳ ಫಿಸಿಯೊಥೆರಪಿಗೆ ಅದರಲ್ಲಿ ಅವಕಾಶವಿಲ್ಲ. ಬಹುಪಾಲು ಖಾಸಗಿ ಪಾಲಿಸಿಗಳ ಕತೆಯೂ ಇದೇ. ಲಕ್ಷಗಟ್ಟಲೆಯ ಶಸ್ತ್ರಚಿಕಿತ್ಸೆಗೆ ನೆರವುಂಟು. ಅದನ್ನು ವರ್ಷಗಟ್ಟಲೆ ಮುಂದೂಡಬಲ್ಲ, ಕೆಲವರಿಗೆ ಬೇಡವೇ ಆಗಿಸಬಲ್ಲ ಕೆಲವು ಸಾವಿರದ ವ್ಯಾಯಾಮ ತರಬೇತಿಗಿಲ್ಲ. ಹೀಗಿರುವಾಗ ರೋಗಿ ಮಾತ್ರೆಯಿಂದ ನೇರ ಶಸ್ತ್ರಚಿಕಿತ್ಸಾ ಕೊಠಡಿಗೆ ಜಿಗಿದರೆ ಅದು ರೋಗಿಯ ಅವಿವೇಕವಲ್ಲ, ವ್ಯವಸ್ಥೆಯ ಫಲ.

ಪರಿಹಾರಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಫಿಸಿಯೊಥೆರಪಿಯ ಕಲ್ಪನೆ ಆಗಲೇ ಇದೆ. ಅದನ್ನು ಬಡಾವಣೆಯ ಮಟ್ಟಕ್ಕೆ ಇಳಿಸಬೇಕು. 2022ರ ಡಿಸೆಂಬರ್‌ನಲ್ಲಿ ರಾಜ್ಯದ ನಗರಗಳಲ್ಲಿ ಆರಂಭವಾದ ‘ನಮ್ಮ ಕ್ಲಿನಿಕ್’ಗಳಿಗೆ ವಾರಕ್ಕೆರಡು ದಿನ ಒಬ್ಬ ಫಿಸಿಯೊಥೆರಪಿಸ್ಟ್ ಬಂದರೂ ಸಾಕು, ಎಷ್ಟೋ ಮಂದಿ ಮತ್ತೆ ನಡೆಯಲು ಕಲಿತಾರು. ನಡೆಯಿರಿ ಎಂದು ಹೇಳುವ ಮುನ್ನ ನಡೆಯಲು ಜಾಗವೂ ಬೇಕಲ್ಲವೇ? ಬೆಂಗಳೂರಿನ ಪಾದಚಾರಿ ಮಾರ್ಗದ ಎತ್ತರ ತಗ್ಗು, ಕಿತ್ತ ಚಪ್ಪಡಿ, ಅದರ ಮೇಲೇರಿದ ದ್ವಿಚಕ್ರ ವಾಹನಗಳನ್ನು ದಾಟುವುದು ಇಪ್ಪತ್ತರ ಯುವಕನಿಗೂ ಸಾಹಸ. ಸಮತಟ್ಟಾದ ಮಾರ್ಗ, ಕೈಪಿಡಿಯಿರುವ ಮೆಟ್ಟಿಲು, ಅಲ್ಲಲ್ಲಿ ಕೂರಲು ಕಲ್ಲುಬೆಂಚು, ಇವು ಕೂಡ ಆರೋಗ್ಯದ ವೆಚ್ಚವೇ.

ನನ್ನಂಥ ಪಿಂಚಣಿದಾರನಿಗೆ ಕುಳಿತುಕೊಳ್ಳುವ ಸ್ವಾತಂತ್ರ್ಯವಾದರೂ ಇದೆ. ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿ, ತಲೆಯ ಮೇಲೆ ನೀರು ಹೊತ್ತು, ಈಗ ಮಗನ ಜೊತೆ ನಗರಕ್ಕೆ ಬಂದು ಮನೆಗೆಲಸಕ್ಕೆ ನಿಂತಿರುವ ಅರವತ್ತರ ಹೆಂಗಸಿಗೆ ಅದೂ ಇಲ್ಲ. ಆಕೆಯ ಮೊಣಕಾಲು ಕೈಕೊಟ್ಟ ದಿನ ಆಕೆಯ ಸಂಪಾದನೆ ನಿಲ್ಲುತ್ತದೆ, ಅದರೊಂದಿಗೆ ಮನೆಯಲ್ಲಿ ಆಕೆಯ ಮಾತಿಗಿದ್ದ ಬೆಲೆಯೂ. ನಮ್ಮ ಆರೋಗ್ಯ ಯೋಜನೆಗಳು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಆಕೆಯ ಹೆಜ್ಜೆಗಳನ್ನು.