ಗಾಯವು ಕಳುಹಿಸುವ ಓಲೆಗಳು

ಈಳಿಗೆಮಣೆಯ ಮೇಲೆ ಹಲಸಿನ ಗುಜ್ಜೆಯನ್ನು ಹೆಚ್ಚುತ್ತಿರುವಾಗ ಹೆಬ್ಬೆರಳು ಕೊಯ್ದುಹೋಯಿತೆಂದರೆ, ಚಿಟಿಕೆ ಅರಿಶಿನವನ್ನು ಅದರ ಮೇಲೊತ್ತಿ, ಹಳೆಯ ಪಂಚೆಯ ಚೂರೊಂದನ್ನು ಬಿಗಿಯಾಗಿ ಸುತ್ತಿ, ಮತ್ತೆ ಕೆಲಸಕ್ಕೆ ಕೂರುವುದು ನಮ್ಮ ಗೃಹಿಣಿಯರಿಗೆ ರೂಢಿಯಾದ ಸಂಗತಿ. ಅವರ ಮನಸ್ಸಿನಲ್ಲಿ ಅಳುಕು ಮೂಡುವುದು ಮರುದಿನ ಬೆಳಗ್ಗೆ, ಆ ಬೆರಳು ಕೆಂಪೇರಿ, ಬಿಸಿಯಾಗಿ, ಬಾತುಕೊಂಡು, ತುಸು ತಗುಲಿದರೂ ಪ್ರಾಣ ಹೋದಂತೆ ನೋಯತೊಡಗಿದಾಗ. ಈ ನಾಲ್ಕು ಲಕ್ಷಣಗಳನ್ನು ಕ್ರಿ. ಶ. 1ನೆಯ ಶತಮಾನದಲ್ಲಿಯೇ ರೋಮಿನ ಕೆಲ್ಸಸನು ಒಟ್ಟಿಗೆ ಹೆಸರಿಸಿದ್ದನು. ನಮ್ಮ ಸುಶ್ರುತಸಂಹಿತೆಯು ಇಂಥ ಊತವನ್ನು, ಎಂದರೆ ವ್ರಣಶೋಫವನ್ನು, ಆಮ, ಪಚ್ಯಮಾನ, ಪಕ್ವವೆಂಬ ಮೂರು ಅವಸ್ಥೆಗಳಾಗಿ ವಿಂಗಡಿಸಿತು. ಆದರೆ ಊತವನ್ನು ಕರೆತರುವವರಾರು, ಬಂದ ಊತವನ್ನು ಬೀಳ್ಕೊಡುವವರಾರು ಎಂಬುದು ತಿಳಿದುದು ಈಚೆಗೆ. ಈ ಎರಡನೆಯ ಪ್ರಶ್ನೆಯೇ ನನಗೆ ಹೆಚ್ಚು ಮಹತ್ತ್ವದ್ದೆಂದು ತೋರುತ್ತದೆ.

ಚರ್ಮದ ಮೇಲ್ಪದರದ ಜೀವಕೋಶಗಳು ಇಂಟರ್‌ಲ್ಯೂಕಿನ್-1 ಆಲ್ಫಾ ಎಂಬ ಪ್ರೋಟೀನನ್ನು, ಆಪತ್ಕಾಲಕ್ಕೆಂದು ಮೊದಲೇ ಬರೆದಿಟ್ಟ ಓಲೆಯಂತೆ, ತಮ್ಮೊಳಗೆ ಅಡಗಿಸಿಕೊಂಡಿರುವುವು. ಅಲಗು ತಗುಲಿ ಕೋಶವು ಒಡೆದೊಡನೆ ಆ ಓಲೆ ಹೊರಚೆಲ್ಲುತ್ತದೆ. ಸೈಟೊಕೈನ್‌ಗಳೆಂದು ಕರೆಯಲಾಗುವ ಇಂಥ ಸಂದೇಶವಾಹಕ ಪ್ರೋಟೀನುಗಳು ಅನೇಕ. 1975ರಲ್ಲಿ ಹೆಸರು ಪಡೆದ ಟಿಎನ್‌ಎಫ್ ಅವುಗಳಲ್ಲೊಂದು. ಇವುಗಳ ಕರೆಗೆ ಸಮೀಪದ ಸೂಕ್ಷ್ಮ ರಕ್ತನಾಳಗಳ ಒಳಗೋಡೆ ಅಂಟಂಟಾಗುತ್ತದೆ, ಸಡಿಲವಾಗಿ ರಸವನ್ನು ಜಿನುಗಿಸುತ್ತದೆ. ಸೈಟೊಕೈನ್‌ಗಳಲ್ಲಿ ಇನ್ನೊಂದಾದ ಇಂಟರ್‌ಲ್ಯೂಕಿನ್-8 ಎಲ್ಲಿ ದಟ್ಟವಾಗಿದೆಯೋ ಅತ್ತ, ಬೆಲ್ಲದ ಜಾಡು ಹಿಡಿದ ಇರುವೆಗಳಂತೆ, ನ್ಯೂಟ್ರೊಫಿಲ್‌ಗಳೆಂಬ ಬಿಳಿಯ ರಕ್ತಕಣಗಳು ಕೆಲವೇ ಗಂಟೆಗಳಲ್ಲಿ ಬಂದು ಮುತ್ತಿ, ಒಳಹೊಕ್ಕ ರೋಗಾಣುಗಳನ್ನು ಸಂಹರಿಸತೊಡಗುವುವು.

ಈ ಧಾವಂತದ ದೃಶ್ಯವನ್ನು ಕಣ್ಣಾರೆ ಕಂಡವನು ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್. 1882ರಲ್ಲಿ, ಇಟಲಿಯ ಮೆಸ್ಸಿನಾದಲ್ಲಿ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯ ಮೈಗೆ ಗುಲಾಬಿಯ ಮುಳ್ಳೊಂದನ್ನು ಚುಚ್ಚಿಟ್ಟು, ಬೆಳಗಾಗುವುದನ್ನೇ ಕಾದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಸಂಚಾರಿ ಕೋಶಗಳು ಆ ಮುಳ್ಳನ್ನು ಸುತ್ತುವರಿದು ನಿಂತಿದ್ದುವು. 1908ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಎರಡು ಮೂರು ದಿನಗಳೊಳಗೆ ಮ್ಯಾಕ್ರೊಫೇಜ್ ಎಂಬ ದೊಡ್ಡ ಭಕ್ಷಕಕೋಶಗಳು ಆಗಮಿಸುವುವು. ಮೊದಮೊದಲು ಅವೂ ಉರಿಗೆ ತುಪ್ಪವನ್ನೇ ಸುರಿಯುವುವು. ಆದರೆ ಕರ್ತವ್ಯ ಮುಗಿಸಿ ಮಡಿದ ನ್ಯೂಟ್ರೊಫಿಲ್‌ಗಳನ್ನು ನುಂಗುತ್ತ ನುಂಗುತ್ತ ಅವುಗಳ ಸ್ವಭಾವವೇ ಪಲ್ಲಟವಾಗಿ, ಉರಿಯೂತವನ್ನು ತಣಿಸುವ ಇಂಟರ್‌ಲ್ಯೂಕಿನ್-10ನ್ನೂ, ಹೊಸ ನಾರುಗಳನ್ನು ನೇಯಲು ಪ್ರೇರಿಸುವ ಟಿಜಿಎಫ್-ಬೀಟಾವನ್ನೂ ಸ್ರವಿಸತೊಡಗುವುವು. ಕದನಕ್ಕೆ ಕರೆದ ಕೈಯೇ ಕದನವಿರಾಮವನ್ನೂ ಸಾರುವ ಈ ಘಟ್ಟವನ್ನು ಓದಿದಾಗಲೆಲ್ಲ ನಾನು ವಿಸ್ಮಿತನಾಗಿದ್ದೇನೆ.

ಹಾಗೆಂದು ಕರೆಯೇ ಬೇಡವೆನ್ನುವಂತಿಲ್ಲ: ಕರೆಯೋಲೆಗಳಲ್ಲೊಂದಾದ ಇಂಟರ್‌ಲ್ಯೂಕಿನ್-6 ಇಲ್ಲದಂತೆ ಹುಟ್ಟಿಸಿದ ಇಲಿಗಳಲ್ಲಿ ಗಾಯವು ಬಹು ನಿಧಾನವಾಗಿ ಕೂಡಿಕೊಳ್ಳುತ್ತದೆ, ಊತವನ್ನಡಗಿಸುವ ಸ್ಟೀರಾಯ್ಡ್ ಔಷಧಿಗಳೂ ಮಾಯುವಿಕೆಯನ್ನು ತಡಮಾಡುವುವು. ಮಧುಮೇಹಿಗಳಲ್ಲಿಯಾದರೋ ತೊಂದರೆ ಇನ್ನೊಂದು ಬಗೆಯದು. ಅಲ್ಲಿ ಮ್ಯಾಕ್ರೊಫೇಜುಗಳು ಮೊದಲಿನ ಉಗ್ರಸ್ವಭಾವದಲ್ಲಿಯೇ ನಿಂತುಬಿಡುವುದರಿಂದ, ಕರೆಯೋಲೆಗಳು ವಾರಗಟ್ಟಲೆ ಹೋಗುತ್ತಲೇ ಇರುವುವು. ಬಂದು ನೆರೆದ ಕೋಶಗಳ ಕಿಣ್ವಗಳು, ಆಗತಾನೆ ನೇಯ್ದ ನಾರುಗಳನ್ನೂ ಬೆಳವಣಿಗೆಯ ಪ್ರೋಟೀನುಗಳನ್ನೂ ಕೊರೆದು ಹಾಕುವುವು. ಮಧುಮೇಹಿಗಳ ಪಾದದಲ್ಲಿ ಹೀಗೆ ಮಾಯದೆ ಉಳಿಯುವ ಹುಣ್ಣಿಗೆ ಪಿಡಿಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನನ್ನೇ ಲೇಪವಾಗಿ ಹಚ್ಚಲು ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆಯಿತು. ಆದರೂ ಹುಣ್ಣನ್ನು ಶುಚಿಗೊಳಿಸುವುದು, ಅದರ ಮೇಲೆ ಭಾರ ಬೀಳದಂತೆ ಕಾಯುವುದು, ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಇವು ಯಾವ ಲೇಪದಿಂದಲೂ ತಪ್ಪತಕ್ಕವಲ್ಲ.

ಮಧುಮೇಹವು ನರಗಳನ್ನು ಜಡಗೊಳಿಸುವುದರಿಂದ ನೋವೆಂಬ ಎಚ್ಚರಿಕೆಯೂ ಅನೇಕರಿಗೆ ಇರುವುದಿಲ್ಲ. ಆದುದರಿಂದ ಈ ವ್ಯಾಧಿಯುಳ್ಳ ಓದುಗರು ಪ್ರತಿರಾತ್ರಿ ಮಲಗುವ ಮುನ್ನ ದೀಪದ ಬೆಳಕಿನಲ್ಲಿ ತಮ್ಮ ಅಂಗಾಲುಗಳನ್ನೂ ಬೆರಳುಗಳ ಸಂದುಗಳನ್ನೂ ನೋಡಿಕೊಳ್ಳಬೇಕು. ಕಣ್ಣು ಮಂಜಾಗಿದ್ದರೆ ಮಗಳೋ ಸೊಸೆಯೋ ಮೊಮ್ಮಗನೋ ನೋಡಲಿ. ಸಣ್ಣದೊಂದು ಹುಣ್ಣು ಕಂಡರೂ, ನೋಯುತ್ತಿಲ್ಲವಲ್ಲ ಎಂದು ಸುಮ್ಮನಿರದೆ, ಮರುದಿನವೇ ವೈದ್ಯರಿಗೆ ತೋರಿಸಬೇಕೆಂದು ವಿನಂತಿಸುತ್ತೇನೆ.