ಶ್ವಾಸಕೋಶದ ಕ್ಯಾನ್ಸರೂ ದೇಹದ ಕಾವಲುಗಾರರೂ

“ಡಾಕ್ಟರೇ, ಮುಂದೆ ಹೇಗೆ?” ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿದೊಡನೆ ರೋಗಿಯ ಮನೆಯವರು ಕೇಳುವ ಪ್ರಶ್ನೆ ಇದು. ಗಡ್ಡೆಯ ಗಾತ್ರವೆಷ್ಟು, ಹತ್ತಿರದ ದುಗ್ಧಗ್ರಂಥಿಗಳಿಗೆ ಅದು ಹಬ್ಬಿದೆಯೆ, ದೂರದ ಅಂಗಗಳನ್ನು ಮುಟ್ಟಿದೆಯೆ ಎಂಬ ಮೂರು ಸಂಗತಿಗಳನ್ನು ನೋಡಿ ವೈದ್ಯರು ರೋಗದ ಹಂತವನ್ನು ಗೊತ್ತುಮಾಡುತ್ತಾರೆ. ಆದರೆ ಒಂದೇ ಹಂತದಲ್ಲಿದ್ದು, ಒಂದೇ ಬಗೆಯ ಶಸ್ತ್ರಚಿಕಿತ್ಸೆ ಪಡೆದ ಇಬ್ಬರಲ್ಲಿ ಒಬ್ಬನು ಗುಣಹೊಂದಬಹುದು, ಮತ್ತೊಬ್ಬನಿಗೆ ರೋಗವು ಮರುಕಳಿಸಬಹುದು. ಇದೇಕೆ? ಇದಕ್ಕೆ ಉತ್ತರದ ಒಂದಂಶವನ್ನು ವಿಜ್ಞಾನಿಗಳು ದೇಹದ ಕಾವಲು ವ್ಯವಸ್ಥೆಯಲ್ಲಿಯೇ ಅರಸುತ್ತಿದ್ದಾರೆ.

ನಮ್ಮ ರೋಗನಿರೋಧಕ ಶಕ್ತಿ ಎರಡು ಬಗೆಯದು. ಒಂದು, ರೋಗಾಣುಗಳ ಪರಿಚಯವಾದ ಮೇಲೆ ಕಲಿತು ಬರುವಂಥದು. ಇನ್ನೊಂದು, ಹುಟ್ಟಿನೊಡನೆಯೇ ಬಂದಿರುವಂಥದು. ಈ ಎರಡನೆಯದಕ್ಕೆ ರೋಗಾಣುವಿನ ಗುರುತು ಹತ್ತುವುದು ಜೀವಕೋಶಗಳಲ್ಲಿರುವ ‘ಗ್ರಾಹಕ’ಗಳೆಂಬ ಪ್ರೋಟೀನುಗಳಿಂದ. ಇವನ್ನು ಊರಬಾಗಿಲ ತಳವಾರನಿಗೆ ಹೋಲಿಸಬಹುದು. ಅಪರಿಚಿತನನ್ನು ಕಂಡೊಡನೆ ಕೂಗೆಬ್ಬಿಸುವುದೇ ಇವುಗಳ ಕೆಲಸ.

ಈ ಗ್ರಾಹಕಗಳ ಕಥೆ ಹಣ್ಣಿನ ನೊಣದಿಂದ ಮೊದಲಾಯಿತು. ‘ಟೋಲ್’ ಎಂಬ ಜೀನು ಕೆಟ್ಟ ನೊಣಗಳು ಬೂಷ್ಟಿನ ಸೋಂಕಿಗೆ ಸುಲಭವಾಗಿ ಬಲಿಯಾಗುತ್ತವೆಂದು 1996ರಲ್ಲಿ ಫ್ರಾನ್ಸಿನ ಜೂಲ್ಸ್ ಹಾಫ್‌ಮನ್ ಮತ್ತು ಸಂಗಡಿಗರು ತೋರಿಸಿದರು. 1998ರಲ್ಲಿ ಅಮೆರಿಕದ ಬ್ರೂಸ್ ಬಾಯ್ಟ್ಲರ್ ಅವರ ತಂಡವು ಇಲಿಗಳಲ್ಲಿ ಅದೇ ಜಾತಿಯ ಗ್ರಾಹಕವೊಂದರ ಕಾರ್ಯವನ್ನು ಕಂಡುಹಿಡಿಯಿತು. 2011ರ ನೊಬೆಲ್ ಬಹುಮಾನದಲ್ಲಿ ಇವರಿಬ್ಬರಿಗೂ ಪಾಲು ದೊರೆಯಿತು. ಮನುಷ್ಯರಲ್ಲಿ ಇಂಥ ಟೋಲ್ ಮಾದರಿಯ ಗ್ರಾಹಕಗಳು 10 ಇವೆ.

ಸೋಜಿಗವೆಂದರೆ, ಈ ಗ್ರಾಹಕಗಳು ಕಾವಲಿನ ಕೋಶಗಳಲ್ಲಿ ಮಾತ್ರವಲ್ಲದೆ ಕ್ಯಾನ್ಸರ್ ಕೋಶಗಳಲ್ಲಿಯೂ ಕಂಡುಬಂದಿವೆ. 7ನೆಯ ಗ್ರಾಹಕವು ವೈರಸ್ಸಿನ ಒಂಟಿ ಎಳೆಯ ಆರ್‌ಎನ್‌ಎಯನ್ನು ಗುರುತಿಸತಕ್ಕದ್ದು. ಗಡ್ಡೆಯ ಕೋಶದಲ್ಲಿ ಅದು ಚೇತನಗೊಂಡರೆ ಕೋಶಕ್ಕೆ ‘ಬದುಕು’ ಎಂಬ ಸಂದೇಶ ಹೋಗುತ್ತದೆ. ಔಷಧಕ್ಕೂ ಅದು ಸುಲಭವಾಗಿ ಮಣಿಯುವುದಿಲ್ಲ. ಈ ಗ್ರಾಹಕವು ಗಡ್ಡೆಯಲ್ಲಿ ಹೆಚ್ಚಾಗಿರುವ ರೋಗಿಗಳ ಗತಿಯು ಅಷ್ಟು ಒಳ್ಳೆಯದಲ್ಲವೆಂದು 2014ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ವರದಿಮಾಡಿದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು!

ಆದರೆ ಇದರ ಒಡಹುಟ್ಟಿದಂತಿರುವ 3ನೆಯ ಗ್ರಾಹಕದ ನಡತೆಯೇ ಬೇರೆ. ಜೋಡಿ ಎಳೆಯ ಆರ್‌ಎನ್‌ಎಯನ್ನು ಗುರುತಿಸುವ ಇದು, ಗಡ್ಡೆಯ ಕೋಶಕ್ಕೆ ತಾನೇ ಸಾಯುವಂತೆ ಆಜ್ಞೆ ಕೊಡಬಲ್ಲುದು. ಮೊದಲ ಹಂತಗಳ ರೋಗದಲ್ಲಿ ಇದರ ಇರವು ಶುಭಸೂಚಕವೆಂದು 2019ರಲ್ಲಿ ಇಟಲಿಯ ಸಂಶೋಧಕರು ತಿಳಿಸಿದರು.

ಇದರಿಂದ ನಾವು ತಿಳಿಯಬೇಕಾದುದೇನು? ‘ಕಾವಲುಗಾರನಿದ್ದಾನೆ’ ಎಂದ ಮಾತ್ರಕ್ಕೆ ನೆಮ್ಮದಿ ಪಡಲಾಗದು. ಅವನು ಯಾರ ಮನೆಯಲ್ಲಿದ್ದಾನೆ, ಏನೆಂದು ಕೂಗುತ್ತಿದ್ದಾನೆ ಎಂಬುದನ್ನೂ ವಿಚಾರಿಸಬೇಕು. ಆದುದರಿಂದಲೇ ಸೂಚಕವೊಂದನ್ನು ಆಸ್ಪತ್ರೆಯ ಬಳಕೆಗೆ ತರುವ ಮುನ್ನ ಬೇರೆ ಬೇರೆ ಕಡೆಯ ಅನೇಕ ರೋಗಿಗಳಲ್ಲಿ ಅದನ್ನು ಒರೆಗೆ ಹಚ್ಚಬೇಕಾಗುತ್ತದೆ. ರೋಗದ ಗತಿಯನ್ನು ಅಳೆಯುವುದಕ್ಕೆ ಹಂತವೇ ಇಂದಿಗೂ ಮುಖ್ಯ ಆಧಾರವಾಗಿದೆ.

ಇನ್ನೊಂದು ಮಾತು. ಸೂಚಕಗಳು ಹೇಳುವುದು ನೂರಾರು ಜನರ ಸರಾಸರಿಯನ್ನು. ಎದುರಿಗೆ ಕುಳಿತ ಒಬ್ಬ ರೋಗಿಯ ಹಣೆಬರಹವನ್ನಲ್ಲ. ಯಾರ ರೋಗವು ಮರುಕಳಿಸುವ ಸಂಭವ ಹೆಚ್ಚೆಂದು ಮೊದಲೇ ತಿಳಿದರೆ, ಅಂಥವರಿಗೆ ಹೆಚ್ಚಿನ ಚಿಕಿತ್ಸೆಯನ್ನೂ ನಿಗಾವಣೆಯನ್ನೂ ಸಕಾಲದಲ್ಲಿ ಒದಗಿಸಬಹುದು. ಮನೆಯವರ ಆ ಮೊದಲ ಪ್ರಶ್ನೆಗೆ ಇನ್ನಷ್ಟು ನಿಜವಾದ ಉತ್ತರ ಕೊಡುವುದೇ ಈ ಸಂಶೋಧನೆಯ ಗುರಿಯಾಗಿದೆ.