ಜೇಜು ದ್ವೀಪ ನಡೆದು ಸುತ್ತುವ ಪ್ಲಾನ್ ಇದೆಯಾ? 7 ಮತ್ತು 10ನೇ ಭಾಗ ಬಿಡಬೇಡಿ

ದಕ್ಷಿಣ ಕೊರಿಯಾದ ಜೇಜು ದ್ವೀಪದ ಸುತ್ತ, ಬಹುಪಾಲು ಕಡಲಂಚಿನಲ್ಲೇ, 437 ಕಿಲೋಮೀಟರ್ ಕಾಲುದಾರಿ ಇದೆ. ಹೆಸರು ಒಲ್ಲೆ. ನಮ್ಮ 'ಒಲ್ಲೆ' ಅಲ್ಲ. ಜೇಜು ನುಡಿಯಲ್ಲಿ ಬೀದಿಯಿಂದ ಮನೆಬಾಗಿಲಿಗೆ ಹೋಗುವ ಓಣಿ ಅಂತ ಅರ್ಥ. ಪತ್ರಕರ್ತೆಯಾಗಿದ್ದ ಸೊ ಮ್ಯೊಂಗ್-ಸುಕ್ ಸ್ಪೇನಿನ ಸ್ಯಾಂಟಿಯಾಗೊ ದಾರಿ ನಡೆದು ಬಂದು 2007ರಲ್ಲಿ ಇದನ್ನು ಶುರುಮಾಡಿದರು.

ತಯಾರಿ ಸುಲಭ. ಒಟ್ಟು 27 ಭಾಗ, ದಿನಕ್ಕೊಂದರಂತೆ ನಾಲ್ಕು ವಾರ. ದಾರಿ ಊರುಗಳ ನಡುವೆಯೇ ಹೋಗೋದ್ರಿಂದ ಟೆಂಟ್ ಹೊರಬೇಕಿಲ್ಲ. ನೀಲಿ-ಕಿತ್ತಳೆ ರಿಬ್ಬನ್ ನೋಡ್ಕೊಂಡು ನಡೆದರಾಯ್ತು. ಬೇಸಿಗೆ ಕೊನೆಯ ಚಂಡಮಾರುತ ತಪ್ಪಿಸಿ. ಉದೊ, ಗಾಪಾದೊ, ಚುಜಾದೊ ಎಂಬ ಪುಟ್ಟ ದ್ವೀಪಗಳಿಗೆ ದೋಣಿಯೇ ಗತಿ, ಕಡಲು ಕೆರಳಿದರೆ ಅದು ಹೊರಡಲ್ಲ. ಒಂದೆರಡು ದಿನ ಕೈಯಲ್ಲಿರಲಿ.

ಅಷ್ಟು ರಜೆ ಇಲ್ವಾ? ಹಾಗಾದ್ರೆ ಆಯ್ಕೆ ಮಾಡಬೇಕು, ಚಂದದ ಫೋಟೊ ನೋಡಿ ಮಾಡಬೇಡಿ. 7ನೇ ಭಾಗ ಹಾಯುವ ಗಂಗ್‌ಜೊಂಗ್, ನೌಕಾನೆಲೆ ಬೇಡವೆಂದು ವರ್ಷಗಟ್ಟಲೆ ಹೋರಾಡಿದ ಹಳ್ಳಿ. ಅಲ್ಲಿನ ಗುರೊಂಬಿ ಬಂಡೆಯನ್ನು 2012ರಲ್ಲಿ ಸಿಡಿಸತೊಡಗಿದರು. 2016ರಲ್ಲಿ ನೆಲೆ ಎದ್ದುನಿಂತಿತು. 10ನೇ ಭಾಗದಲ್ಲಿ ಜಪಾನಿ ಸೇನೆಯ ಹಳೇ ಹ್ಯಾಂಗರುಗಳು ಹೊಲದ ನಡುವೆ ನಿಂತಿವೆ. ಪಕ್ಕದ ಸೊತಾಲ್ ಗುಡ್ಡದಲ್ಲಿ 1950ರಲ್ಲಿ, ಕೊರಿಯಾ ಯುದ್ಧ ಶುರುವಾದ ಮೇಲೆ, 'ಮುನ್ನೆಚ್ಚರಿಕೆ' ಹೆಸರಲ್ಲಿ ಹಿಡಿದಿಟ್ಟಿದ್ದ ನಾಗರಿಕರನ್ನು ಅವರದೇ ಸರ್ಕಾರದ ಪಡೆಗಳು ಗುಂಡಿಟ್ಟು ಕೊಂದವು. 1948ರ ದಂಗೆ ಹತ್ತಿಕ್ಕುವಾಗ ದ್ವೀಪದಲ್ಲಿ ಸತ್ತವರು 25ರಿಂದ 30 ಸಾವಿರ ಎಂಬ ಅಂದಾಜಿದೆ. ದಶಕಗಳ ಕಾಲ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ. ರಾಷ್ಟ್ರಾಧ್ಯಕ್ಷರು ಕ್ಷಮೆ ಕೇಳಿದ್ದು 2003ರಲ್ಲಿ.

ಆ 10ನೇ ಭಾಗ ಸುಮಾರು 15 ಕಿಲೋಮೀಟರ್. ಅವತ್ತು ಬೆಳಗ್ಗೆ ಬೇಗ ಹೊರಡಿ, ಸಂಜೆಗೆ ಬೇರೇನೂ ಇಟ್ಟುಕೊಳ್ಳಬೇಡಿ.